ಗೋಡೆಗೆ ಡ್ರಿಲ್ ಇಡುವ ಮೊದಲು

ಟಿವಿ, ವಾಟರ್ ಫಿಲ್ಟರ್, ದೇವರ ಪಟ ಹೀಗೆ ಏನಾದರೊಂದಕ್ಕೆ ಗೋಡೆ ಕೊರೆಯುವುದು ಇದ್ದೇ ಇರುತ್ತದೆ. ಕನ್ಸೀಲ್ಡ್ ವೈರಿಂಗ್ (ವೈರನ್ನು ಗೋಡೆಯೊಳಗೇ ಹುದುಗಿಸುವುದು) ಮಾಡಿದ ಮನೆಯಲ್ಲಿ ವೈರ್ ಇರುವುದು ಸಾಮಾನ್ಯವಾಗಿ 20 ಅಥವಾ 25 ಮಿಲಿಮೀಟರ್‌ನ ಪಿವಿಸಿ ಪೈಪ್‌ನಲ್ಲಿ. ಡ್ರಿಲ್ ಬಿಟ್‌ಗೆ ಆ ಪೈಪ್ ಯಾವ ಲೆಕ್ಕ?

ಮೊದಲು ಗೋಡೆಯನ್ನು ಸರಿಯಾಗಿ ನೋಡಿ. ನಮ್ಮ ಕಡೆ ಪೈಪ್ ಹೆಚ್ಚಾಗಿ ಮೋಲ್ಡ್‌ನಿಂದ ನೇರವಾಗಿ ಸ್ವಿಚ್ ಬೋರ್ಡ್‌ಗೆ ಇಳಿಯುತ್ತದೆ. ಹಾಗಾಗಿ ಬೋರ್ಡ್‌ನ ಮೇಲೆ, ಕೆಳಗೆ, ಎರಡು ಬೋರ್ಡ್‌ಗಳ ನಡುವೆ ಕೊರೆಯಬೇಡಿ. ಆ ಗೆರೆಯ ಎರಡೂ ಬದಿಗೆ ಅರ್ಧ ಅಡಿ ಬಿಡಿ. ಗೋಡೆಯ ಆಚೆ ಬದಿಯನ್ನೂ ನೋಡಿ ಬನ್ನಿ. ನಾಲ್ಕೂವರೆ ಇಂಚಿನ ಗೋಡೆಯಾದರೆ ಪಕ್ಕದ ರೂಮಿನ ಪೈಪ್ ನಿಮ್ಮ ಬಿಟ್‌ಗೆ ಸಿಗಬಹುದು. ಪೈಪ್ ಉಳಿಸೋಕೆ ಅಡ್ಡಾದಿಡ್ಡಿ ಎಳೆದ ಮನೆಗಳೂ ಇವೆ. ಅಲ್ಲಿ ಈ ಲೆಕ್ಕ ನಡೆಯಲ್ಲ.

ಅದಕ್ಕೇ ಗೋಡೆಯೊಳಗೆ ವೈರ್ ಇದ್ದರೆ ಸದ್ದು ಮಾಡುವ ವೈರ್ ಡಿಟೆಕ್ಟರ್ ಬೇಕು. ಕರೆಂಟ್ ಇರುವ ವೈರ್ ಮಾತ್ರ ತೋರಿಸುವ ಡಿಟೆಕ್ಟರ್ ಆದರೆ, ಆ ಗೋಡೆಯ ಸ್ವಿಚ್‌ಗಳನ್ನೆಲ್ಲ ಆನ್ ಮಾಡಿಯೇ ಹಿಡಿಯಿರಿ. ಆಳದಲ್ಲಿರುವ ವೈರ್ ಇದಕ್ಕೂ ಸಿಗದೆ ಹೋಗಬಹುದು. ಸದ್ದು ಬರಲಿಲ್ಲ ಎಂದು ಪೂರ್ತಿ ನಂಬಬೇಡಿ.

ನಂತರ ಮೇನ್ ಸ್ವಿಚ್ ಆಫ್ ಮಾಡಿ. ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಲೇಬೇಕು. ಎಷ್ಟೋ ಜನ ಮರೆಯುವುದು ಇದನ್ನೇ. ಮೇನ್ ಆಫ್ ಆದ ತಕ್ಷಣ ಯುಪಿಎಸ್ ತನ್ನ ಲೈನ್‌ಗೆ ಕರೆಂಟ್ ಕೊಡಲು ಶುರು ಮಾಡುತ್ತದೆ! ಆ ಗೋಡೆಯ ಲೈಟ್, ಪ್ಲಗ್ ಪಾಯಿಂಟ್ ಒಂದೂ ಕೆಲಸ ಮಾಡುತ್ತಿಲ್ಲ ಎಂದು ನೋಡಿಕೊಳ್ಳಿ. ಡ್ರಿಲ್‌ಗೆ ಬ್ಯಾಟರಿಯದೇ ಒಳ್ಳೆಯದು.

ಎಷ್ಟು ಆಳ ಬೇಕೋ ಅಷ್ಟಕ್ಕೆ ಬಿಟ್ ಮೇಲೆ ಟೇಪ್ ಸುತ್ತಿ, ನಿಧಾನವಾಗಿ ಕೊರೆಯಿರಿ. ಉದುರುವ ಪುಡಿಯ ಮೇಲೆ ಕಣ್ಣಿರಲಿ. ಮೊದಲು ಬೂದು ಬಣ್ಣದ ಸಿಮೆಂಟ್ ಪುಡಿ, ಆಮೇಲೆ ಕೆಂಪು ಇಟ್ಟಿಗೆ ಪುಡಿ ಬಂದರೆ ಸರಿ. ಪ್ಲಾಸ್ಟಿಕ್ ಸಿಪ್ಪೆ ಕಂಡರೆ, ಅಥವಾ ಬಿಟ್ ಏಕಾಏಕಿ ಸಡಿಲವಾಗಿ ಒಳಗೆ ನುಗ್ಗಿದರೆ ಅಲ್ಲೇ ನಿಲ್ಲಿಸಿ.

ಪೈಪ್‌ಗೆ ತಗುಲಿದೆ ಅನ್ನಿಸಿದರೆ ತೂತಿಗೆ ಪುಟ್ಟಿ ಮೆತ್ತಿ ಸುಮ್ನೆ ಆಗಬೇಡಿ. ಅರ್ಥ್ ವೈರ್ ತುಂಡಾದರೆ ಎಂಸಿಬಿ (ಲೋಡ್ ಹೆಚ್ಚಾದರೆ, ಶಾರ್ಟ್ ಆದರೆ ತಾನೇ ಆಫ್ ಆಗುವ ಸ್ವಿಚ್) ಟ್ರಿಪ್ ಆಗುವುದಿಲ್ಲ, ಲೈಟೂ ಎಂದಿನಂತೆ ಉರಿಯುತ್ತದೆ. ಆಮೇಲೆ ಗೀಸರ್‌ನ ಹೊರಕವಚಕ್ಕೆ ಕರೆಂಟ್ ಬಂದರೆ ಅದು ಹರಿದು ಹೋಗಲು ದಾರಿಯೇ ಇರುವುದಿಲ್ಲ, ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ ಅನ್ನುವುದು ಇದಕ್ಕೇ. ಎಲೆಕ್ಟ್ರಿಷಿಯನ್ ಕರೆಸಿ, ಪೈಪ್‌ನೊಳಗೆ ಆ ವೈರನ್ನು ಪೂರ್ತಿ ಹೊಸದಾಗಿ ಎಳೆಸಿ. ಗೋಡೆಯೊಳಗೆ ಜಾಯಿಂಟ್ ಮಾಡಿ, ಟೇಪ್ ಸುತ್ತಿ ಮುಚ್ಚಲು ಬಿಡಬೇಡಿ.

ಮನೆ ಇನ್ನೂ ಕಟ್ಟಿಸುತ್ತಿದ್ದೀರಾ? ಹಾಗಿದ್ದರೆ ಕೆಲಸ ಸುಲಭ. ಪೈಪ್ ನೆಟ್ಟಗೆ ಇಳಿಸಲು ಹೇಳಿ, ಓರೆಯಾಗಿ ಬೇಡ. ಪ್ಲಾಸ್ಟರಿಂಗ್‌ಗೆ ಮುಂಚೆ, ಅಳತೆ ಟೇಪ್ ಹಿಡಿದು ಪ್ರತಿ ಗೋಡೆಯ ಫೋಟೊ ತೆಗೆಯಿರಿ. ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅನ್ನುವುದು ಅದರಲ್ಲಿ ಕಾಣಬೇಕು. ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೂ ಹಾಕಿಬಿಡಿ, ಫೋನ್ ಬದಲಾದರೂ ಸಿಗುತ್ತದೆ.