ದುಬೈ ಫ್ಲ್ಯಾಟ್: ಏಳು ಪರ್ಸೆಂಟ್ ಮೂರೂವರೆ ಆದ ಲೆಕ್ಕ

"ಸರ್, ಇಲ್ಲಿ ಟ್ಯಾಕ್ಸೇ ಇಲ್ಲ." ದುಬೈನ ಏಜೆಂಟ್ ಹೇಳಿದ ಮೊದಲ ಮಾತು ಇದು. ಸುಳ್ಳೇನಲ್ಲ, ಬಾಡಿಗೆಗೆ ಅಲ್ಲಿ ಆದಾಯ ತೆರಿಗೆ ಇಲ್ಲ. ಖುಷಿಯಿಂದ ಇದನ್ನು ನಮ್ಮ ಸಿಎಗೆ ಹೇಳಿದರೆ ಅವರು ತಲೆ ಎತ್ತದೆ ಕೇಳಿದರು, "ನೀವು ಇರೋದು ಎಲ್ಲಿ?" ಭಾರತದಲ್ಲಿ ವಾಸ ಇರುವವರಿಗೆ ಹೊರದೇಶದ ಬಾಡಿಗೆಗೂ ಇಲ್ಲೇ ತೆರಿಗೆ. ಅದು ಗೊತ್ತಾದ ಮೇಲೂ ನಾನು, ನನ್ನ ಹೆಂಡತಿ ಸೇರಿ 2024ರ ಶುರುವಿನಲ್ಲಿ ಜುಮೈರಾ ಲೇಕ್ ಟವರ್ಸ್‌ನಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟ್ ಕೊಂಡೆವು. 750 ಚದರ ಅಡಿ, 10 ಲಕ್ಷ ದಿರ್ಹಮ್.

ಏಜೆಂಟ್ ಮೊದಲು ತೋರಿಸಿದ್ದು ಇನ್ನೂ ಕಟ್ಟುತ್ತಿದ್ದ ಪ್ರಾಜೆಕ್ಟ್. ತಿಂಗಳಿಗೆ 1% ಕಂತು, ಬುಕಿಂಗ್ ದುಡ್ಡಿಗೆ ಕ್ರೆಡಿಟ್ ಕಾರ್ಡ್ ಉಜ್ಜಿದರೆ ಸಾಕಂತೆ. ಅಂಗೈಯಲ್ಲಿ ಅರಮನೆ. ಕಾರ್ಡ್ ಮಾತ್ರ ಬೇಡವೇ ಬೇಡ ಅಂದರು ಸಿಎ. ಹೊರದೇಶದ ಆಸ್ತಿಗೆ ದುಡ್ಡು ಹೋಗಬೇಕಾದ್ದು ಜನ ಹೊರದೇಶಕ್ಕೆ ದುಡ್ಡು ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಎಲ್‌ಆರ್‌ಎಸ್ ದಾರಿಯಲ್ಲಿ, ನಮ್ಮ ಬ್ಯಾಂಕ್ ಖಾತೆಯಿಂದ, ಫಾರ್ಮ್ ಎ2 ತುಂಬಿ, ರಿಯಲ್ ಎಸ್ಟೇಟಿಗೆ ಅಂತಲೇ ಇರುವ ಎಸ್0005 ಕೋಡ್ ಹಾಕಿ. ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿ. ಇದಕ್ಕೆ ಇಲ್ಲಿನ ಬ್ಯಾಂಕ್ ಸಾಲ ಕೊಡುವ ಹಾಗಿಲ್ಲ. ಬಿಲ್ಡರ್ ಕೊಡುವ ಕಂತಿನ ಪ್ಲಾನ್ ಕೂಡ ನೋಡೋಕೆ ಸಾಲದ ಹಾಗೇ ಇದೆಯಲ್ಲ, ನಾಳೆ ಯಾರಾದರೂ ಪ್ರಶ್ನೆ ಎತ್ತಿದರೆ ಅಂತ ನಾನೇ ಹಿಂಜರಿದೆ. ಹಾಗಾಗಿ ಕಟ್ಟಿ ಮುಗಿದ, ಜನ ಬಾಡಿಗೆಗೆ ಇರುವ ಕಟ್ಟಡದಲ್ಲೇ ಹುಡುಕಿದೆವು.

10 ಲಕ್ಷ ದಿರ್ಹಮ್ ಅಂದರೆ ಸುಮಾರು 2.72 ಲಕ್ಷ ಡಾಲರ್. ಒಬ್ಬರ ಮಿತಿಗೆ ಮೀರಿತು. ಹೆಂಡತಿ ಹತ್ತಿರ ಅವಳ ಸೈಟ್ ಮಾರಿದ ದುಡ್ಡಿತ್ತು, ಹಾಗಾಗಿ ಇಬ್ಬರ ಹೆಸರಿಗೂ ಅರ್ಧರ್ಧ. (ನನ್ನ ದುಡ್ಡನ್ನೇ ಅವಳಿಗೆ ಕೊಟ್ಟು ಕೊಂಡಿದ್ದರೆ ಅವಳ ಪಾಲಿನ ಬಾಡಿಗೆಯೂ ನನ್ನ ಆದಾಯಕ್ಕೇ ಸೇರುತ್ತಿತ್ತು. ಸುಮ್ನೆ ಹೆಂಡತಿ ಹೆಸರು ಹಾಕಿಸಿದರೆ ತೆರಿಗೆ ಉಳಿಯುತ್ತದೆ ಅನ್ನುವವರು ಇದನ್ನು ಹೇಳುವುದಿಲ್ಲ.)

ಉಸಿರು ಕಟ್ಟಿಸಿದ್ದು ಟಿಸಿಎಸ್, ಅಂದರೆ ದುಡ್ಡು ಹೊರಗೆ ಕಳಿಸುವಾಗಲೇ ಮುಂಗಡವಾಗಿ ಹಿಡಿಯುವ ತೆರಿಗೆ. ಆಗ ವರ್ಷಕ್ಕೆ 7 ಲಕ್ಷ ರೂಪಾಯಿ ದಾಟಿದ ಮೇಲೆ ಕಳಿಸುವ ದುಡ್ಡಿಗೆ 20% ಬ್ಯಾಂಕೇ ಹಿಡಿಯುತ್ತಿತ್ತು. 2025ರ ಏಪ್ರಿಲ್‌ನಿಂದ ಆ 7 ಲಕ್ಷದ ಮಿತಿ 10 ಲಕ್ಷಕ್ಕೆ ಏರಿದೆ. ನಾವು ತಲಾ 1.21 ಕೋಟಿ ರೂಪಾಯಿಯಷ್ಟು ಕಳಿಸಿದೆವು. ಟಿಸಿಎಸ್ ತಲಾ 22.8 ಲಕ್ಷ, ಇಬ್ಬರದೂ ಸೇರಿ 45 ಲಕ್ಷದ ಮೇಲೆ! ಇದು ಕಳೆದುಹೋಗುವ ದುಡ್ಡಲ್ಲ, ನಮ್ಮ ಪ್ಯಾನ್‌ಗೆ ಜಮಾ ಆಗುತ್ತದೆ, ರಿಟರ್ನ್ ಹಾಕಿದರೆ ತೆರಿಗೆಗೆ ವಜಾ ಆಗಿ ಉಳಿದದ್ದು ವಾಪಸ್ ಬರುತ್ತದೆ. ಆದರೆ ಮನೆಯ ದುಡ್ಡಿನ ಮೇಲೆ ಇಷ್ಟು ದುಡ್ಡು ಕೈಯಲ್ಲಿ ಇರಲೇಬೇಕು, ಇಲ್ಲದಿದ್ದರೆ ವ್ಯವಹಾರ ಅರ್ಧಕ್ಕೇ ನಿಲ್ಲುತ್ತದೆ. ನಾವು ಎರಡು ಎಫ್‌ಡಿ ಮುರಿದೆವು. ರೀಫಂಡ್ ಬಂದದ್ದು ಆ ವರ್ಷದ ಅಕ್ಟೋಬರ್‌ನಲ್ಲಿ. ಅಷ್ಟು ತಿಂಗಳು ಕಳೆದುಕೊಂಡ ಬಡ್ಡಿಯನ್ನೂ ಮನೆಯ ಬೆಲೆಗೇ ಸೇರಿಸಬೇಕು ಅನ್ನುವವನು ನಾನು.

ರಿಜಿಸ್ಟ್ರೇಷನ್ ಮಾತ್ರ ಆಶ್ಚರ್ಯ ಅನ್ನುವಷ್ಟು ಸಲೀಸು. ಫಾರ್ಮ್ ಎಫ್ ಅನ್ನುವ ಒಪ್ಪಂದ, 10% ಡೆಪಾಸಿಟ್ ಚೆಕ್, ಬಿಲ್ಡರ್‌ನಿಂದ ಎನ್‌ಒಸಿ, ಆಮೇಲೆ ನೋಂದಣಿ ಮಾಡಿಸುವ ಟ್ರಸ್ಟೀ ಆಫೀಸಿನಲ್ಲಿ ಕೂತು ಮ್ಯಾನೇಜರ್ಸ್ ಚೆಕ್ (ನಮ್ಮ ಡಿಡಿ ಥರದ್ದು) ಕೊಟ್ಟರೆ ಅವತ್ತೇ ಟೈಟಲ್ ಡೀಡ್ ಕೈಗೆ. ಆ ಚೆಕ್ಕಿಗೆ ಅಲ್ಲಿ ಖಾತೆ ಬೇಕು, ಅದನ್ನು ತೆರೆಯುವುದರಲ್ಲೇ ನಮಗೆ ಐದು ವಾರ ಹೋಯಿತು. ಖರ್ಚು: ಲ್ಯಾಂಡ್ ಡಿಪಾರ್ಟ್‌ಮೆಂಟಿಗೆ 4%, ಏಜೆಂಟಿಗೆ 2% ಮತ್ತು ಅದರ ಮೇಲೆ 5% ವ್ಯಾಟ್, ಟ್ರಸ್ಟೀ ಆಫೀಸಿಗೆ 4,200 ದಿರ್ಹಮ್. ಚಿಲ್ಲರೆ ಎಲ್ಲ ಸೇರಿ ಮನೆ 10.7 ಲಕ್ಷ ದಿರ್ಹಮಿಗೆ ಬಿತ್ತು.

ಬಾಡಿಗೆ ವರ್ಷಕ್ಕೆ 70,000 ದಿರ್ಹಮ್. ಅಲ್ಲಿ ತಿಂಗಳ ಬಾಡಿಗೆ ಅನ್ನುವ ರೂಢಿ ಕಡಿಮೆ. ಬಾಡಿಗೆದಾರ ನಾಲ್ಕು ಪೋಸ್ಟ್ ಡೇಟೆಡ್ ಚೆಕ್ ಕೊಟ್ಟ, ಒಪ್ಪಂದ ಇಜಾರಿ ಅನ್ನುವ ಅಲ್ಲಿನ ಸರ್ಕಾರಿ ಬಾಡಿಗೆ ದಾಖಲೆಯಲ್ಲಿ ನೋಂದಣಿ ಆಯಿತು. ಏಜೆಂಟ್ ಹೇಳಿದ 7% ಅಂದರೆ ಇದೇ, 10 ಲಕ್ಷಕ್ಕೆ 70,000. ಈಗ ಕಳೆಯಿರಿ. ಸರ್ವಿಸ್ ಚಾರ್ಜ್ ಚದರ ಅಡಿಗೆ 15ರಂತೆ 11,250. ಮನೆ ನೋಡಿಕೊಳ್ಳುವ ಕಂಪನಿಗೆ 3,500. ರಿಪೇರಿ 3,000. ಉಳಿದದ್ದು 52,250. ಆಮೇಲೆ ಇಲ್ಲಿನ ತೆರಿಗೆ: ಬಾಡಿಗೆಯಲ್ಲಿ 30% ಬಿಟ್ಟು 49,000ದ ಮೇಲೆ, ಇಬ್ಬರೂ 30% ಸ್ಲ್ಯಾಬಿನವರು, ಸೆಸ್ ಸೇರಿ 15,300 ಹತ್ತಿರ. ಸರ್ವಿಸ್ ಚಾರ್ಜ್ ಎಷ್ಟೇ ಕಟ್ಟಿರಲಿ, ಆ 30%ರ ಒಳಗೇ ಬಂತು ಅಂತ ಲೆಕ್ಕ. ಕೈಗೆ ಉಳಿಯುವುದು 37,000. ಹಾಕಿದ 10.7 ಲಕ್ಷಕ್ಕೆ ಮೂರೂವರೆ ಪರ್ಸೆಂಟ್.

ಅದೂ ಮನೆ ವರ್ಷಪೂರ್ತಿ ತುಂಬಿದ್ದರೆ. ಮೊದಲ ಬಾಡಿಗೆದಾರ ಬರುವ ಮುಂಚೆ ಎರಡೂವರೆ ತಿಂಗಳು ಖಾಲಿ ಇತ್ತು. ಆಗ ಬಂತು ಕೂಲಿಂಗ್ ಬಿಲ್. ಆ ಕಟ್ಟಡಕ್ಕೆ ಎಸಿಯ ತಣ್ಣೀರು ಹೊರಗಿನ ಪ್ಲಾಂಟಿನಿಂದ ಬರುತ್ತದೆ, ಎಸಿ ಹಾಕದಿದ್ದರೂ ಫಿಕ್ಸೆಡ್ ಚಾರ್ಜ್ ಓಡುತ್ತಲೇ ಇರುತ್ತದೆ. ಏಜೆಂಟ್ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾಲಿಡದ ಮನೆಯ ತಂಪಿಗೆ ದುಡ್ಡು ಕಟ್ಟಿದ್ದು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ರಿಟರ್ನ್ ವಿಷಯ ಒಂದು ಹೇಳಲೇಬೇಕು. ಮನೆ ಮತ್ತು ಅಲ್ಲಿನ ಬ್ಯಾಂಕ್ ಖಾತೆ ಎರಡನ್ನೂ ರಿಟರ್ನಿನಲ್ಲಿ ಹೊರದೇಶದ ಆಸ್ತಿಗೆ ಅಂತಲೇ ಇರುವ ಶೆಡ್ಯೂಲ್ ಎಫ್‌ಎನಲ್ಲಿ ಇಬ್ಬರೂ ತೋರಿಸಬೇಕು. ಆ ಶೆಡ್ಯೂಲಿಗೆ ವರ್ಷ ಅಂದರೆ ಜನವರಿಯಿಂದ ಡಿಸೆಂಬರ್, ಆದಾಯಕ್ಕೆ ಮಾತ್ರ ಏಪ್ರಿಲ್‌ನಿಂದ ಮಾರ್ಚ್, ಮೊದಲ ವರ್ಷ ತಲೆ ಕೆಟ್ಟಿತ್ತು. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶ ಇದೆ. 2024ರ ಅಕ್ಟೋಬರ್‌ನಿಂದ 20 ಲಕ್ಷದೊಳಗಿನ ಆಸ್ತಿಗೆ ವಿನಾಯಿತಿ ಕೊಟ್ಟಿದ್ದಾರೆ, ಆದರೆ ಅದು ಮನೆ, ಜಮೀನಿಗೆ ಇಲ್ಲ.

ಹಾಗಿದ್ದರೆ ಯಾಕೆ ಕೊಂಡಿರಿ ಅಂತ ತಮ್ಮ ಕೇಳುತ್ತಾನೆ. ದಿರ್ಹಮ್ 1997ರಿಂದ ಡಾಲರಿಗೆ 3.6725ರಲ್ಲಿ ಕಟ್ಟಿಹಾಕಿದ ದುಡ್ಡು. ಮಗಳು ಮುಂದೆ ಹೊರಗೆ ಓದಲು ಹೋದರೆ ಖರ್ಚೂ ಡಾಲರಿನಲ್ಲೇ, ಅದಕ್ಕೆ. ಬಾಡಿಗೆಗೋಸ್ಕರ ಅಂತ ಆಗಿದ್ದರೆ ಖಂಡಿತ ಕೊಳ್ಳುತ್ತಿರಲಿಲ್ಲ. ಇದರಲ್ಲೂ ಒಂದು ತಮಾಷೆ ಇದೆ. ಅಲ್ಲಿ ಬೆಲೆ ಒಂದು ದಿರ್ಹಮ್ ಏರದಿದ್ದರೂ ಇಲ್ಲಿ ರೂಪಾಯಿ ಬಿದ್ದರೆ, ಮಾರಿದಾಗ ರೂಪಾಯಿ ಲೆಕ್ಕದಲ್ಲಿ ಲಾಭ ಕಾಣುತ್ತದೆ, ಎರಡು ವರ್ಷ ಕಳೆದಿದ್ದರೆ ಅದಕ್ಕೆ 12.5%ವರೆಗೆ ತೆರಿಗೆ.

ಸದ್ಯಕ್ಕೆ ಮಾರುತ್ತಿಲ್ಲ. ಬಾಡಿಗೆ ಜಾಸ್ತಿ ಮಾಡಬೇಕಿದ್ದರೆ ಒಪ್ಪಂದ ಮುಗಿಯುವ 90 ದಿನ ಮುಂಚೆ ನೋಟಿಸ್ ಹೋಗಬೇಕು. ಹೋದ ಸಲ ನಾಲ್ಕು ದಿನ ತಡವಾಗಿ ಕಳಿಸಿ ಹಳೇ ಬಾಡಿಗೆಯಲ್ಲೇ ಇನ್ನೊಂದು ವರ್ಷ ಕಳೆದೆ. ಈ ಸಲ ತಾರೀಖನ್ನು ಹೆಂಡತಿಯ ಫೋನಿನಲ್ಲೂ ಹಾಕಿಸಿದ್ದೇನೆ.