ತೋಟ ಸುತ್ತಿದರೆ ಸಾಲದು: ವಯಸ್ಸಾದ ಮೇಲೆ ಕಾಲಿನ ಕಸುವು ಉಳಿಸಿಕೊಳ್ಳುವುದು ಹೇಗೆ?

‘ದಿನಾ ತೋಟ ಸುತ್ತುತ್ತೇನೆ, ನನಗ್ಯಾಕೆ ಬೇರೆ ವ್ಯಾಯಾಮ?’ ಕೊಡಗಿನಲ್ಲಿ ಅರವತ್ತು ದಾಟಿದವರು ಹೀಗೆ ಹೇಳುವುದುಂಟು. ನಡಿಗೆ ಹೃದಯಕ್ಕೆ ಒಳ್ಳೆಯದೇ, ಬಿಡಬೇಡಿ. ಆದರೆ ಸ್ನಾಯುಗಳ ಬಲ ಉಳಿಯಲು ಅದೊಂದೇ ಸಾಲದು. ಅದೂ ಅಲ್ಲದೆ ಜೂನ್‌ನಲ್ಲಿ ಮಳೆ ಹಿಡಿದರೆ ಅಂಗಳದ ತುಂಬಾ ಪಾಚಿ, ತೋಟದ ತುಂಬಾ ಜಿಗಣೆ. ಸೆಪ್ಟೆಂಬರ್‌ವರೆಗೆ ಸುತ್ತಾಟವೂ ಕಡಿಮೆ.

ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ಅರವತ್ತರ ನಂತರ ಇನ್ನೂ ಬೇಗ. ಗಾತ್ರಕ್ಕಿಂತ ಬಲ ಬೇಗ ಇಳಿಯುತ್ತದೆ. ಯಾಕೆಂದರೆ ಸ್ನಾಯುವನ್ನು ಕೆಲಸಕ್ಕೆ ಹಚ್ಚುವ ನರಗಳೂ ಕಡಿಮೆಯಾಗುತ್ತವೆ, ಸ್ನಾಯುವಿನಲ್ಲಿ ವೇಗವಾಗಿ ಕೆಲಸ ಮಾಡುವ ಎಳೆಗಳು ಹೆಚ್ಚು ಸೊರಗುತ್ತವೆ. ಕಾಲು ಜಾರಿದಾಗ ಥಟ್ಟನೆ ಸಾವರಿಸಿಕೊಳ್ಳಲು ಬೇಕಾಗುವುದು ಇವೇ ಎಳೆಗಳು. ಸಮತಟ್ಟು ದಾರಿಯ ನಡಿಗೆಯಲ್ಲಿ ಇವಕ್ಕೆ ಅಷ್ಟಾಗಿ ಕೆಲಸ ಇಲ್ಲ. ಭಾರ ಬಿದ್ದರೆ ಉಂಟು.

ಈಗ ಶುರು ಮಾಡಿದರೆ ತಡವಾಯಿತು ಅನ್ನುವ ಹಾಗಿಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ ನಡೆದು 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸರಾಸರಿ 90 ವಯಸ್ಸಿನ ಹತ್ತು ಜನ ಎಂಟು ವಾರ ಕಾಲಿನಿಂದ ಭಾರ ಎತ್ತಿದರು. ಕೊನೆವರೆಗೆ ಉಳಿದವರ ಕಾಲಿನ ಬಲ ಸರಾಸರಿ ಎರಡು ಪಟ್ಟಿಗಿಂತ ಜಾಸ್ತಿಯಾಗಿತ್ತು.

ಮೊದಲು ನಿಮ್ಮ ಬಲ ಎಷ್ಟಿದೆ ನೋಡಿಕೊಳ್ಳಿ

ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿಡಿ. ಎದೆಯ ಮೇಲೆ ಕೈ ಕಟ್ಟಿ, ಐದು ಸಲ ಪೂರ್ತಿ ಎದ್ದು ಕೂರಿ. ಮನೆಯವರು ಮೊಬೈಲ್‌ನಲ್ಲಿ ಸಮಯ ನೋಡಲಿ. ಏಷ್ಯಾದವರಿಗಾಗಿ ತಜ್ಞರು 2019ರಲ್ಲಿ ಹಾಕಿದ ಗೆರೆಯ ಪ್ರಕಾರ, 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಎಚ್ಚರ ವಹಿಸಬೇಕು.

ಮನೆಯೊಳಗೇ ಮಾಡುವ ವ್ಯಾಯಾಮ

ವಾರಕ್ಕೆ ಎರಡು ದಿನ ಸಾಕು, ನಡುವೆ ಒಂದೆರಡು ದಿನ ಬಿಡುವಿರಲಿ. ಪರೀಕ್ಷೆಗೆ ಇಟ್ಟ ಕುರ್ಚಿಯಲ್ಲೇ 8ರಿಂದ 12 ಸಲ ಎದ್ದು ಕೂರಿ. ಕೂರುವಾಗ ದೊಪ್ಪನೆ ಬೀಳದೆ ಮೂರು ಎಣಿಸುತ್ತಾ ಇಳಿಯಿರಿ. ಆಮೇಲೆ ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಗೋಡೆಗೆ ಅಂಗೈ ಊರಿ ದಂಡ ಹೊಡೆಯಿರಿ. ಪ್ರತಿಯೊಂದನ್ನೂ ಎರಡು ಸುತ್ತು.

ನನ್ನ ಮಟ್ಟಿಗೆ ಕೊಡಗಿನವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಮೆಟ್ಟಿಲು ಇಳಿಯುವುದು. ಏರು ಹತ್ತುವಾಗ ದಮ್ಮು ಕಟ್ಟುತ್ತದೆ, ನಿಜ. ಆದರೆ ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ದೇಹದ ಭಾರ ತಡೆಯಬೇಕು, ಇಳಿಜಾರಿನಲ್ಲಿ ಜೀಪನ್ನು ಫಸ್ಟ್ ಗೇರಿನಲ್ಲಿ ಹಿಡಿದ ಹಾಗೆ. ಬಹಳ ದಿನದ ಮೇಲೆ ಬೆಟ್ಟ ಇಳಿದರೆ ಮಾರನೇ ದಿನ ತೊಡೆ ಹಿಡಿದುಕೊಳ್ಳುವುದು ಇದಕ್ಕೇ. ಅಭ್ಯಾಸ ಹೀಗೆ: ಒಣಗಿರುವ, ಹಿಡಿಯಲು ಆಸರೆ ಇರುವ ಮೆಟ್ಟಿಲು ನೋಡಿಕೊಳ್ಳಿ. ಮೇಲಿನ ಕಾಲಿನ ಮೇಲೆ ಭಾರ ಇಟ್ಟು, ಇನ್ನೊಂದು ಕಾಲನ್ನು ನಿಧಾನವಾಗಿ ಕೆಳಗಿನ ಮೆಟ್ಟಿಲಿಗೆ ತನ್ನಿ. ಹಿಮ್ಮಡಿ ತಾಗಿದ ಕೂಡಲೇ ವಾಪಸ್ ಮೇಲಕ್ಕೆ. ಒಂದೊಂದು ಕಾಲಿಗೆ ಆರು ಸಲದಿಂದ ಶುರು ಮಾಡಿ.

ಕೊನೆಯ ಎರಡು ಸಲ ಕಷ್ಟ ಅನಿಸಬೇಕು. ಸುಲಭ ಆಯ್ತಾ? ಕೈಯಲ್ಲಿ ನೀರು ತುಂಬಿದ ಒಂದು ಲೀಟರ್ ಬಾಟಲಿ ಹಿಡಿಯಿರಿ, ಆಮೇಲೆ ಎರಡು. ಇಲ್ಲೇ ತುಂಬಾ ಜನ ತಪ್ಪುವುದು. ಭಾರ ಏರದಿದ್ದರೆ ಬಲವೂ ಏರುವುದಿಲ್ಲ. ಉಸಿರು ಮಾತ್ರ ಕಟ್ಟಬೇಡಿ, ಬಿಪಿ ಏರುತ್ತದೆ. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಮೊದಲ ಕೆಲವು ವಾರ ಕಾಲು ದಪ್ಪ ಆಗುವುದಿಲ್ಲ. ಆಗ ಕಲಿಯುತ್ತಿರುವುದು ನರಗಳು. ಆದರೂ ಕುರ್ಚಿಯಿಂದ ಏಳುವುದು ಹಗುರ ಅನಿಸುತ್ತದೆ. ಸ್ನಾಯು ಬೆಳೆದದ್ದು ಕಾಣಲು ಎರಡು ತಿಂಗಳಾದರೂ ಬೇಕು.

ತಟ್ಟೆಯಲ್ಲಿ ಏನಿರಬೇಕು?

ವಯಸ್ಸಾದವರಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 60 ಕೆ.ಜಿ. ಇದ್ದವರಿಗೆ 60ರಿಂದ 72 ಗ್ರಾಂ. ಭಾನುವಾರ ಪಂದಿಕರಿ ಇದ್ದೇ ಇರುತ್ತದೆ, ಅಲ್ವಾ? ತೊಂದರೆ ಇರುವುದು ಉಳಿದ ದಿನಗಳ ಬೆಳಗಿನ ತಿಂಡಿಯಲ್ಲಿ. ಅಕ್ಕಿರೊಟ್ಟಿ, ಚಟ್ನಿ, ಕಾಫಿಯಲ್ಲಿ ಪ್ರೋಟೀನ್ ಕಡಿಮೆ. ಜೊತೆಗೆ ಎರಡು ಮೊಟ್ಟೆ ತಿಂದರೆ ಸುಮಾರು 12 ಗ್ರಾಂ ಸಿಗುತ್ತದೆ. ಮೊಟ್ಟೆ ತಿನ್ನದವರು ಕಡಲೆ ಅಥವಾ ಹೆಸರುಕಾಳಿನ ಪಲ್ಯ ಮಾಡಿಕೊಳ್ಳಿ. ಒಂದೇ ಊಟಕ್ಕೆ ಎಲ್ಲ ಸುರಿಯದೆ ಮೂರು ಹೊತ್ತಿಗೂ ಹಂಚಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಜಾಸ್ತಿ ಮಾಡಬಾರದು.