ಉಬ್ಬಸದವರು ಉಸಿರಿನ ಲೆಕ್ಕ ಬರೆದಿಡುವ ಬಗೆ

ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳ ಒಕ್ಕುವ ದಿನಗಳು ಬಂದವೆಂದರೆ ಉಬ್ಬಸದವರಿಗೆ ರಾತ್ರಿ ಕಳೆಯುವುದೇ ಕಷ್ಟವಾಗುತ್ತದೆ. ಅಂಥವರು, ಉಸಿರನ್ನು ಎಷ್ಟು ರಭಸವಾಗಿ ಹೊರಬಿಡಬಲ್ಲೆವೆಂದು ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಪ್ಲಾಸ್ಟಿಕ್ ಕೊಳವೆಯನ್ನು ಕೊಂಡು ಎರಡು ವಾರ ಉಸಿರಿನ ಲೆಕ್ಕ ಇಟ್ಟರೆ, ವೈದ್ಯರ ಮುಂದೆ ‘ಒಮ್ಮೊಮ್ಮೆ ದಮ್ಮು ಬರುತ್ತದೆ’ ಎಂದು ಅಂದಾಜಿನಲ್ಲಿ ಹೇಳುವ ಬದಲು ಕೈಯಲ್ಲಿ ಪುರಾವೆ ಇರುತ್ತದೆ.

ಮುಳ್ಳನ್ನು ಸೊನ್ನೆಗೆ ತಂದು, ಎದ್ದು ನಿಂತು, ಎದೆ ತುಂಬ ಉಸಿರೆಳೆದು, ಕೊಳವೆಯ ಬಾಯಿಯನ್ನು ತುಟಿಗಳಿಂದ ಬಿಗಿಯಾಗಿ ಹಿಡಿದು ಒಂದೇ ರಭಸಕ್ಕೆ ಊದಬೇಕು. ಮೂರು ಸಲ ಊದಿ, ಸರಾಸರಿಯನ್ನಲ್ಲ, ಅತಿ ಹೆಚ್ಚಿನ ಅಂಕಿಯನ್ನು ಬರೆಯಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಇನ್ಹೇಲರ್ ತೆಗೆದುಕೊಳ್ಳುವ ಮೊದಲೇ ಊದುವುದು ಒಳ್ಳೆಯದು. ಅಂಕಿಯ ಪಕ್ಕದಲ್ಲಿ ಗಂಟೆಯನ್ನೂ ಆ ದಿನ ಎಲ್ಲಿದ್ದಿರಿ ಎಂಬುದನ್ನೂ ತಪ್ಪದೆ ಬರೆಯಿರಿ. ಹೆಚ್ಚಿನವರು ಬಿಡುವುದು ಇದನ್ನೇ. ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದೂ ಇದೇ.

ನನ್ನ ಪುಸ್ತಕದ ಒಂದು ಪುಟ ಹೀಗಿದೆ: ಬೆಳಿಗ್ಗೆ 7ಕ್ಕೆ 410 (ನಿಮಿಷಕ್ಕೆ ಇಷ್ಟು ಲೀಟರ್ ಎಂಬ ಲೆಕ್ಕ). ಹತ್ತಕ್ಕೆ ಕಣಕ್ಕೆ (ಜೋಳ ಒಕ್ಕುವ ಕಣ) ಹೋದೆ, 10.20ಕ್ಕೆ 300. ದಮ್ಮು ಬಂದಾಗ ಎಳೆದುಕೊಳ್ಳುವ ನೀಲಿ ಇನ್ಹೇಲರ್ ಎಳೆದುಕೊಂಡು ಮನೆಗೆ ಬಂದ ಮೇಲೆ 390. ಮತ್ತೆ ಆ ಕಡೆ ತಲೆ ಹಾಕದಿದ್ದರೂ ಸಂಜೆ 5ಕ್ಕೆ 310.

ಈ ಎರಡು ಕುಸಿತಗಳು ಒಂದೇ ಬಗೆಯವಲ್ಲ. ಶ್ವಾಸನಾಳದ ಗೋಡೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಗೆ ಸೇರಿದ ಮಾಸ್ಟ್ ಕೋಶಗಳಿರುತ್ತವೆ. ಅವುಗಳ ಮೈಮೇಲೆ ಐಜಿಇ ಎಂಬ ಪ್ರತಿಕಾಯಗಳು ಅಂಟಿಕೊಂಡಿರುತ್ತವೆ. ಒಗ್ಗದ ಧೂಳು ಆ ಪ್ರತಿಕಾಯಗಳಿಗೆ ತಗುಲಿದ ಕೆಲವೇ ನಿಮಿಷಗಳಲ್ಲಿ ಮಾಸ್ಟ್ ಕೋಶಗಳು ಹಿಸ್ಟಮಿನ್, ಲ್ಯೂಕೋಟ್ರೈನ್ ಎಂಬ ರಾಸಾಯನಿಕಗಳನ್ನು ಹೊರಚೆಲ್ಲಿ ನಾಳದ ಸುತ್ತಲ ಸ್ನಾಯುವನ್ನು ಬಿಗಿಯುತ್ತವೆ. ಬೆಳಗಿನ ಕುಸಿತ ಇದು. ಅದರ ಬೆನ್ನಿಗೇ ಅದೇ ರಕ್ಷಣಾ ವ್ಯವಸ್ಥೆಯ ಟಿ ಕೋಶಗಳು ಇಂಟರ್‌ಲ್ಯೂಕಿನ್-5ರಂಥ ಸಂದೇಶಗಳನ್ನು ಕಳಿಸಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆಸಿಕೊಳ್ಳುತ್ತವೆ. ಅವು ಬಂದು ಸೇರಿ, ನಾಳದ ಒಳಪೊರೆ ಊದಿ ಕಫ ಕಟ್ಟುವುದು ನಾಲ್ಕರಿಂದ ಎಂಟು ಗಂಟೆಗಳ ನಂತರ. ಸಂಜೆಯ 310ಕ್ಕೆ ಕಾರಣ ಇಲ್ಲಿದೆ.

ನೀಲಿ ಇನ್ಹೇಲರಿನ ಸಾಲ್ಬುಟಮಾಲ್ ಸ್ನಾಯುವನ್ನು ಸಡಿಲಿಸುತ್ತದೆಯೇ ಹೊರತು ಇಯೊಸಿನೊಫಿಲ್‌ಗಳ ತಂಟೆಗೆ ಹೋಗುವುದಿಲ್ಲ. ಅವುಗಳನ್ನು ತಗ್ಗಿಸುವುದು ಬುಡೆಸೊನೈಡ್‌ನಂಥ ಉಸಿರಿನ ಸ್ಟಿರಾಯ್ಡ್; ಅದರ ಪೂರ್ತಿ ಗುಣ ಕಾಣಲು ವಾರಗಳೇ ಬೇಕಾಗುವುದರಿಂದ ಮೂರನೆಯ ದಿನಕ್ಕೆ ‘ಏನೂ ಪ್ರಯೋಜನವಿಲ್ಲ’ ಎಂದು ಬಿಡುವವರು ದುಡುಕಿದಂತೆ. ಅಸ್ತಮಾ ಚಿಕಿತ್ಸೆಯ ಜಾಗತಿಕ ಮಾರ್ಗಸೂಚಿಯೂ 2019ರಿಂದ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳಬಾರದೆಂದು ಹೇಳುತ್ತಿದೆ. ಪಂಪು ಹಿಡಿದರೆ ಚಟವಾಗುತ್ತದೆ ಎಂಬ ನಮ್ಮ ಕಡೆಯ ಮಾತಿಗೆ ಆಧಾರವಿಲ್ಲ. ಸ್ಟಿರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸದಿದ್ದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು ಕಟ್ಟಬಹುದು ಎಂಬುದು ಮಾತ್ರ ನಿಜ. ಬೀಡಿ ಸೇದುವವರ ನಾಳಗಳಲ್ಲಿ ನ್ಯೂಟ್ರೊಫಿಲ್ ಎಂಬ ಬೇರೆ ಬಗೆಯ ಬಿಳಿ ರಕ್ತಕಣಗಳ ಪಾಲು ಹೆಚ್ಚಿರುವುದುಂಟು, ಅಂಥವರಿಗೆ ಇದೇ ಸ್ಟಿರಾಯ್ಡ್ ಅಷ್ಟಾಗಿ ಒದಗುವುದಿಲ್ಲ.

ಇನ್ನು ಲೆಕ್ಕ. ಬೆಳಿಗ್ಗೆ, ಸಂಜೆಯ ಎರಡು ಅಂಕಿಗಳಲ್ಲಿ ಹೆಚ್ಚಿನದರಿಂದ ಕಡಿಮೆಯದನ್ನು ಕಳೆದು, ಎರಡರ ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿ. ನನ್ನ ಬೆಳಗಿನ 410, ಸಂಜೆಯ 310ಕ್ಕೆ ಬರುವುದು ಸುಮಾರು ಶೇ. 28. ಎರಡು ವಾರಗಳ ಇಂಥ ಅಂಕಿಗಳ ಸರಾಸರಿ ದೊಡ್ಡವರಲ್ಲಿ ಶೇ. 10ನ್ನು ಮೀರಿದರೆ ಅಸ್ತಮಾದ ಅನುಮಾನ ಬಲಗೊಳ್ಳುತ್ತದೆ. ಆರೋಗ್ಯವಾಗಿದ್ದಾಗಿನ ನಿಮ್ಮ ಅತ್ಯುತ್ತಮ ಅಂಕಿ 420 ಎಂದಿಟ್ಟುಕೊಂಡರೆ, ಅದರ ಶೇ. 80 ಆದ 336ರ ಮೇಲಿರುವ ದಿನ ನಿಶ್ಚಿಂತೆ. ಅದಕ್ಕಿಂತ ಕೆಳಗಿಳಿದರೆ ವೈದ್ಯರು ಬರೆದುಕೊಟ್ಟಂತೆ ಔಷಧ ಹೊಂದಿಸಿಕೊಳ್ಳಬೇಕು. ಅರ್ಧಕ್ಕಿಂತ, ಅಂದರೆ 210ಕ್ಕಿಂತ ಕೆಳಗಿಳಿದರೆ ನೀಲಿ ಇನ್ಹೇಲರ್ ಎಳೆದುಕೊಂಡು ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಮಾತು ಪೂರ್ತಿಯಾಗದೆ ಏದುಸಿರು ಬರುತ್ತಿದ್ದರೆ ಮೀಟರ್ ಹುಡುಕುತ್ತ ಕೂರಬಾರದು.

ರಕ್ತಪರೀಕ್ಷೆಯ ಚೀಟಿಯಲ್ಲಿ ಇಯೊಸಿನೊಫಿಲ್ ಎಣಿಕೆ ಇದ್ದರೆ ಅದನ್ನೂ ಪುಸ್ತಕಕ್ಕೆ ಅಂಟಿಸಿಡಿ. ಜಂತುಹುಳುವಿದ್ದರೂ ಆ ಎಣಿಕೆ ಏರುತ್ತದೆ, ಸ್ಟಿರಾಯ್ಡ್ ಮಾತ್ರೆ ನುಂಗಿದ್ದರೆ ಇಳಿಯುತ್ತದೆ; ಆದ್ದರಿಂದ ಪರೀಕ್ಷೆಗೆ ಮುಂಚೆ ಯಾವ ಮಾತ್ರೆ ತೆಗೆದುಕೊಂಡಿದ್ದಿರೆಂಬುದನ್ನು ಚೀಟಿಯ ಅಂಚಿನಲ್ಲೇ ಬರೆದಿಡಿ.